ಎದುರಾಳಿಯಾಗಿ ನಿಲ್ಲುವ ಗೆಳೆಯ


ಇಂದಿನ ಚಿಂತನೆ

ಕಳೆದ ತಿಂಗಳು ನಮ್ಮ ಭಾನುವಾರದ ಕೂಟದಲ್ಲಿ ಮೀಸಲಾತಿ ಕುರಿತು ಅಣಕು ಚರ್ಚೆ ನಡೆಸಿದೆವು. ವಿರೋಧಿಯ ಪಾತ್ರ ನನ್ನದು. ಮಕ್ಕಳ ಮನಸ್ಸು ನೋಯಬಾರದೆಂದು ಪೊಳ್ಳು ವಾದಗಳನ್ನೇ ಮುಂದಿಟ್ಟೆ. ಎಲ್ಲರೂ ಗೆದ್ದರು, ಚಪ್ಪಾಳೆ ಬಿತ್ತು. ವಾರದ ನಂತರ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಂದು, "ಸರ್, ಅಲ್ಲಿ ಯಾರೂ ನಿಮ್ಮ ಹಾಗೆ ಕೇಳಲ್ಲ" ಎಂದಳು. "ನಿಮ್ಮಪ್ಪನಿಗೆ ಸರ್ಕಾರಿ ಕೆಲಸ ಇದೆಯಲ್ಲ, ನಿನಗ್ಯಾಕೆ ಮೀಸಲಾತಿ?" ಎಂದು ಸಹಪಾಠಿಗಳು ಕೇಳಿದಾಗ ಅವಳಿಗೆ ಮಾತೇ ಹೊರಡಲಿಲ್ಲವಂತೆ. ತಪ್ಪು ಅವಳದಲ್ಲ, ನನ್ನದು.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪೈಲಟ್‌ಗಳಿಗೂ ಹೀಗೇ ಆಗಿತ್ತು. ಅವರು ಹೆಚ್ಚಾಗಿ ತಾಲೀಮು ನಡೆಸಿದ್ದು ತಮ್ಮದೇ ಮಾದರಿಯ ವಿಮಾನಗಳೊಂದಿಗೆ. ಯುದ್ಧದಲ್ಲಿ ಎದುರಾದದ್ದು ಚಿಕ್ಕದಾದ, ಥಟ್ಟನೆ ತಿರುಗುವ ಮಿಗ್‌ಗಳು. ಪೆಟ್ಟು ತಿಂದ ಮೇಲೆ ಅಮೆರಿಕದ ವಾಯುಪಡೆ 1972ರಲ್ಲಿ ನೆವಾಡದ ನೆಲ್ಲಿಸ್ ನೆಲೆಯಲ್ಲಿ, ಎದುರಾಳಿಯ ಪಾತ್ರ ವಹಿಸಲೆಂದೇ 'ಅಗ್ರೆಸರ್' ಸ್ಕ್ವಾಡ್ರನ್ ಕಟ್ಟಿತು. ಅದರ ಪೈಲಟ್‌ಗಳು ಸೋವಿಯತ್ ಯುದ್ಧತಂತ್ರವನ್ನು ಶ್ರದ್ಧೆಯಿಂದ ಕಲಿತು, ಸೋವಿಯತ್ ಮಾದರಿಯ ಬಣ್ಣ ಬಳಿದ ವಿಮಾನಗಳಲ್ಲಿ ತಮ್ಮವರ ಮೇಲೆಯೇ ಎರಗುತ್ತಿದ್ದರು.

ಯುದ್ಧವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅಲ್ಲಿರುವ ಪ್ರಾಮಾಣಿಕತೆಯನ್ನು ನೋಡಿ. ತಾಲೀಮಿನಲ್ಲಿ ನಿಜವಾದ ಕ್ಷಿಪಣಿ ಹಾರುವುದಿಲ್ಲ. ಅಪಾಯ ಕಂಡರೆ ಯಾರು ಬೇಕಾದರೂ "ನಿಲ್ಲಿಸಿ" ಎನ್ನಬಹುದು, ಆಗ ಎಲ್ಲರೂ ನಿಲ್ಲಿಸಲೇಬೇಕು. ಇಳಿದ ಮೇಲೆ ಒಟ್ಟಿಗೆ ಕೂತು, ಯಾರು ಎಲ್ಲಿ ಎಡವಿದರು ಎಂದು ಬಿಡಿಸಿ ನೋಡುತ್ತಾರೆ. ಎದುರಾಳಿಯಾಗಿದ್ದವನೇ ಅಲ್ಲಿ ಗುರು. ಅವನು ಗೆಲ್ಲುವುದು ಮುಖ್ಯವಲ್ಲ. ಕಲಿಯುವವನು ಮುಂದೊಮ್ಮೆ ಅವನನ್ನು ಸೋಲಿಸಿದರೆ ಅವನ ಶ್ರಮ ಸಾರ್ಥಕ.

ಬಾಬಾಸಾಹೇಬರಿಗೆ ಎದುರುವಾದದ ಬೆಲೆ ತಿಳಿದಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ, ಪಕ್ಷದ ಶಿಸ್ತಿಗೆ ಮಣಿಯದೆ ಪ್ರಶ್ನೆ ಎತ್ತಿದ ಕಾಮತ್, ಕೆ.ಟಿ. ಶಾ, ಕುಂಜ್ರು ಮೊದಲಾದ ಬಂಡುಕೋರ ಸದಸ್ಯರನ್ನು ಅವರು ಹೆಸರಿಟ್ಟು ನೆನೆದರು, ಕೃತಜ್ಞತೆ ಸಲ್ಲಿಸಿದರು.

ಆದರೆ ಒಂದು ತೊಡಕಿದೆ. ಆ ಪೈಲಟ್‌ಗಳಿಗೆ ಅದು ಅಣಕು ದಾಳಿ. ನಮ್ಮ ಮಕ್ಕಳಿಗೆ ಆ ಪ್ರಶ್ನೆ ಹಳೆಯ ಗಾಯ. ನಾನು ಕೇಳಿದರೂ ನೋಯುತ್ತದೆ. ಹಾಗೆಂದು ಕೇಳದೆ ಬಿಡುವುದು ಕರುಣೆಯೇ? ನೋವು ತಪ್ಪುವುದಿಲ್ಲ. ಒಂಟಿಯಾಗಿರುವಾಗ, ಸಿದ್ಧತೆ ಇಲ್ಲದಾಗ ಬಂದು ತಾಗುತ್ತದೆ, ಅಷ್ಟೇ.

ಮೊನ್ನೆ ಭಾನುವಾರ ಅದೇ ಪ್ರಶ್ನೆಯನ್ನು ಅದೇ ಬಿರುಸಿನಲ್ಲಿ ಕೇಳಿದೆ. ಕೇಳುವ ಮೊದಲು, "ಬೇಡ ಅನ್ನಿಸಿದರೆ ಕೈ ಎತ್ತು" ಎಂದಿದ್ದೆ. ಅವಳು ಕೈ ಎತ್ತಿದಳು. ನಿಲ್ಲಿಸಿದೆವು. ನೀರು ಕುಡಿದು, "ಮತ್ತೆ ಕೇಳಿ ಸರ್" ಎಂದಳು. ಕೇಳಿದೆ.

"ಅಪ್ಪನಿಗೆ ಸಂಬಳ ಬರುತ್ತೆ. ಆದರೂ ಜಾತಿ ಕೇಳಿ ಬಾಡಿಗೆ ಮನೆ ಇಲ್ಲ ಅಂದರು. ಸಂಬಳದ ಚೀಟಿ ಯಾರೂ ನೋಡಲಿಲ್ಲ."

ಈ ಸಲ ಮಾತು ಹೊರಡದೆ ಕೂತದ್ದು ನಾನು.

ಇಂದು ಯೋಚಿಸೋಣ: ನಮ್ಮವರ ಮುಂದೆ ಪ್ರೀತಿಯಿಂದ ಎದುರಾಳಿಯಾಗಿ ನಿಲ್ಲುವ ಧೈರ್ಯ ನಮಗಿದೆಯೇ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.