ಕೆಲಸ ಬಲ್ಲವನೆಂದು ಹೇಳುವವರು ಯಾರು?

ನಾನು ಏಳನೇ ತರಗತಿ ಓದಿದವ. ಒಕ್ಕಲುತನ ನನ್ನ ಕಸುಬು, ಹಾಡು ನನ್ನ ಚಟ. ಮನೆಯ ನಕ್ಷೆ ಬರೆಯುವವರ ಕಾನೂನಿನ ಬಗ್ಗೆ ಈ ರೈತನಿಗೆ ಏನು ಗೊತ್ತು ಅಂತ ನೀವು ಕೇಳಬಹುದು. ಅವರು ಬರೆದ ಮನೆಯೊಳಗ ಮಲಗುವವ ನಾನೇ ಅಲ್ಲೇನು? ಅದಕ್ಕ ನಾನೂ ನಾಲ್ಕು ಮಾತು ಹೇಳತೀನಿ.

ನಮ್ಮ ಓಣಿಯ ಗೌಂಡಿಯ ಮಗ ಒಬ್ಬ ಹೈದರಾಬಾದಿನಲ್ಲಿ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿದ್ದಾನೆ. ಹೋಗಿ 14 ವರ್ಷ ಆಯ್ತು. ಮೊದಲು ಚಹಾ ತರುತ್ತಿದ್ದ, ಟೇಪು ಹಿಡಿಯುತ್ತಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆಯೋದು ಕಲಿತ. ಈಗ ಪಾಯಾದಿಂದ ಮಾಳಿಗೆ ತನಕ ಇಡೀ ಮನೆಯ ನಕ್ಷೆ ಅವನೇ ತೆಗೆಯುತ್ತಾನೆ, ಸಹಿ ಮಾತ್ರ ಸಾಹೇಬರದು. ದಸರೆಗೆ ಬಂದಾಗ ವಾಚನಾಲಯದಲ್ಲಿ ಕೂತು ಕೇಳಿದ, "ಕಾಕಾ, ಇಷ್ಟು ವರ್ಷದ ಕೆಲಸಕ್ಕ ಏನೂ ಲೆಕ್ಕ ಇಲ್ಲೇನು? ನಾ ಆರ್ಕಿಟೆಕ್ಟ್ ಅಂತ ಬರಕೊಳ್ಳಾಕ ಬರ್ತದೋ ಇಲ್ಲೋ?" ನನಗೇನು ಗೊತ್ತು? ಮಾಸ್ತರು ಹುಡುಕಿ ಕಾನೂನು ತಂದು ಓದಿ ಹೇಳಿದರು. ಅದನ್ನ ಕೇಳಿದ ಮೇಲೆ ಈ ಪ್ರಶ್ನೆ ನನ್ನ ತಲೆಯಿಂದ ಇಳಿದಿಲ್ಲ.

ಕಾನೂನು 1972ರದು. ವಾಸ್ತುಶಿಲ್ಪಿಗಳ ಕಾಯ್ದೆ. ಅದಕ್ಕೂ ಮೊದಲು ದೇಶದಲ್ಲಿ ಯಾರು ಬೇಕಾದರೂ ಆ ಹೆಸರು ಹಾಕಿಕೊಳ್ಳಬಹುದಿತ್ತು. ಕಾಯ್ದೆ ಬಂದ ಮೇಲೆ ದಿಲ್ಲಿಯಲ್ಲಿ ಒಂದು ಪರಿಷತ್ತು ಆಯಿತು, ಒಂದು ನೋಂದಣಿ ಪುಸ್ತಕ ಆಯಿತು. ಆ ಪುಸ್ತಕದಲ್ಲಿ ಹೆಸರಿದ್ದವನೇ ಆರ್ಕಿಟೆಕ್ಟ್. ಆದರೆ ಕಾನೂನು ಮಾಡಿದವರಿಗೂ ಒಂದು ತೊಡಕು ಬಂತು. ಪದವಿ ಇಲ್ಲದೆ, ಕೆಲಸ ಮಾಡಿ ಮಾಡಿಯೇ ಕಲಿತವರು ಆಗಲೇ ಊರೂರಲ್ಲಿ ಇದ್ದರಲ್ಲ, ಅವರನ್ನ ಏನು ಮಾಡೋದು? ಅದಕ್ಕೆ ಒಂದು ಬಾಗಿಲು ಇಟ್ಟರು. ಗೊತ್ತುಮಾಡಿದ ದಿನಾಂಕಕ್ಕೆ ಮೊದಲು ಐದು ವರ್ಷಕ್ಕೆ ಕಡಿಮೆ ಇಲ್ಲದಂತೆ ಆರ್ಕಿಟೆಕ್ಟ್ ಕೆಲಸ ಮಾಡಿದ ಭಾರತದ ಪ್ರಜೆ ಪದವಿ ಇಲ್ಲದಿದ್ದರೂ ಮೊದಲ ಪುಸ್ತಕದಲ್ಲಿ ಹೆಸರು ಬರೆಸಬಹುದು. ಅರ್ಜಿ ನೋಡಲು ಮೂರು ಜನರ ಮಂಡಳಿ. ಆ ದಿನಾಂಕ ದಾಟಿತು, ಬಾಗಿಲು ಮುಚ್ಚಿತು. ಈಗ ಒಳಗೆ ಹೋಗಲು ಮಾನ್ಯತೆ ಇರುವ ಪದವಿ ಬೇಕು, ಐದು ವರ್ಷದ ಕಾಲೇಜು.

ಹುಡುಗ ನಕ್ಕ. "ಮಾಸ್ತರ್, ಆಗ ನಮ್ಮಪ್ಪನೂ ಹುಟ್ಟಿರಲಿಲ್ಲ."

ಅವನ ನಗೆಯಲ್ಲಿ ನನಗೆ ಒಂದು ಮಾತು ಹೊಳೀತು. ಕೆಲಸ ಮನುಷ್ಯನಿಗೆ ಕಲಿಸುತ್ತದೆ ಎಂದು ಆ ಕಾನೂನು ಒಪ್ಪಿತ್ತೋ ಇಲ್ಲವೋ? ಒಪ್ಪಿದ್ದರೆ, ಆ ದಿನಾಂಕದ ತನಕ ಕಲಿಸಿದ ಕೆಲಸ ಮರುದಿನದಿಂದ ಕಲಿಸೋದು ಬಿಟ್ಟುಬಿಟ್ಟಿತೇನು? ಒಪ್ಪಿರಲಿಲ್ಲ ಅಂದರೆ, ಮೊದಲಿನವರನ್ನ ಒಳಗೆ ಬಿಟ್ಟದ್ದು ಯಾಕೆ? ನನಗೆ ಅನಿಸೋದು, ಅದು ದಯೆ. ಆಗಲೇ ಅನ್ನ ಉಣ್ಣುತ್ತಿದ್ದವರ ತಟ್ಟೆ ಕಸೀಬಾರದು ಅನ್ನುವ ದಯೆ. ಒಳ್ಳೇದೇ. ಆದರೆ ದಯೆಯೇ ಬೇರೆ, ಯೋಗ್ಯತೆ ನೋಡೋದೇ ಬೇರೆ. ದಯೆಗೆ ತಾರೀಖು ಇಡಬಹುದು, ಯೋಗ್ಯತೆಗೆ ತಾರೀಖು ಇಡಾಕ ಬರಲ್ಲ.

2020ರಲ್ಲಿ ಸುಪ್ರೀಂ ಕೋರ್ಟು ಇದೇ ಕಾನೂನಿನ ಬಗ್ಗೆ ಒಂದು ತೀರ್ಪು ಕೊಟ್ಟಿದೆ ಎಂದೂ ಮಾಸ್ತರು ಹೇಳಿದರು. ಕಾನೂನು ಕಾಯುವುದು ಹೆಸರನ್ನು, ಹೆಸರಿಲ್ಲದವನು ಆ ಕೆಲಸವನ್ನೇ ಮಾಡಬಾರದು ಅಂತ ಅಲ್ಲ. ಹುಡುಗ ನಕ್ಷೆ ತೆಗೀಬಹುದು, ಬೋರ್ಡಿನ ಮೇಲೆ ಆರ್ಕಿಟೆಕ್ಟ್ ಅಂತ ಬರೀಬಾರದು. ಇದು ನನಗೆ ವಿಚಿತ್ರ ಕಂಡಿತು. ಹಾಡು, ಆದರೆ ಹಾಡುಗಾರ ಅಂತ ಹೇಳಿಕೋಬ್ಯಾಡ ಅಂದ ಹಾಗೆ. ಆದರೂ ಪೂರಾ ತಪ್ಪು ಅನ್ನಲಾರೆ. ಮನೆ ಕಟ್ಟಿಸುವ ಬಡವನಿಗೆ ನಕ್ಷೆ ಓದಲಿಕ್ಕೆ ಬರಲ್ಲ, ಅವನು ಓದುವುದು ಬೋರ್ಡು ಒಂದೇ. ಬೋರ್ಡು ಸುಳ್ಳು ಹೇಳಬಾರದು.

ಹಾಗಾದರೆ ಅನುಭವವನ್ನ ಅಳೆಯೋದು ಹೇಗೆ? ಇಲ್ಲಿ ನಮ್ಮವರು ಸುಲಭದ ದಾರಿ ಹಿಡಿಯುತ್ತಾರೆ, ವರ್ಷ ಎಣಿಸುತ್ತಾರೆ. ಐದು ವರ್ಷ, ಹತ್ತು ವರ್ಷ, ಮೂವತ್ತು ವರ್ಷ. ನನ್ನ ಎಡಗೋಲಿನ ಎತ್ತು 14 ವರ್ಷ ನೇಗಿಲು ಎಳೀತು. ಹಂಗಂತ ಅದಕ್ಕ ತೊಗರಿ ಯಾವಾಗ ಬಿತ್ತಬೇಕು ಅಂತ ಕೇಳಾಕ ಆಗ್ತದೇನು? ನನಗೆ ಗೊತ್ತಿರುವ ಭಜನೆಯವನೊಬ್ಬ ನಲವತ್ತು ವರ್ಷದಿಂದ ತಾಳ ಬಾರಿಸುತ್ತಾನೆ, ನಲವತ್ತು ವರ್ಷದಿಂದ ಅದೇ ಜಾಗದಲ್ಲಿ ತಾಳ ತಪ್ಪುತ್ತಾನೆ. ಅವನದು ನಲವತ್ತು ವರ್ಷದ ಅನುಭವ ಅಲ್ಲ, ಒಂದೇ ವರ್ಷವನ್ನ ನಲವತ್ತು ಸಲ ಮಾಡಿದ್ದು.

ಇನ್ನೊಂದು ದಾರಿ ಪತ್ರ. ಕೆಲಸ ಕೊಟ್ಟವರಿಂದ ಬರೆಸಿಕೊಂಡು ಬಾ ಅನ್ನುತ್ತಾರೆ. ಇದರ ಪಾಡು ನಾನು ಬಲ್ಲೆ. ಕಲಾವಿದರ ಗುರುತಿನ ಕಾರ್ಡಿಗೆಂದು ಒಂದು ಕಚೇರಿಗೆ ಹೋದಾಗ ಅಲ್ಲಿನವರು ಕರಪತ್ರ ಕೇಳಿದರು, ಫೋಟೋ ಕೇಳಿದರು, ಪ್ರಮಾಣಪತ್ರ ಕೇಳಿದರು. ಶ್ರಾವಣದಲ್ಲಿ ರಾತ್ರಿಯೆಲ್ಲ ಗುಡಿಯಲ್ಲಿ ಹಾಡಿದ್ದಕ್ಕೆ ಯಾರು ಕರಪತ್ರ ಹೊಡೆಸುತ್ತಾರೆ? ಸತ್ತವರ ಮನೆಯಲ್ಲಿ ಹೆಣದ ಮುಂದೆ ಬೆಳಗಿನ ತನಕ ಭಜನೆ ಮಾಡಿದವ, ಹೊತ್ತು ಮೂಡಿದ ಮೇಲೆ ಆ ಮನೆಯವರ ಹತ್ತಿರ ಸಹಿ ಕೇಳಬೇಕೇನು? ಒಂದು ಹಾಡು ಹೇಳಲೇನ್ರೀ ಅಂದೆ. ಬೇಡ ಅಂದರು. ಹಾಡುಗಾರನನ್ನ ಪರೀಕ್ಷೆ ಮಾಡುವ ಕಡೆ ಹಾಡೊಂದನ್ನ ಬಿಟ್ಟು ಉಳಿದದ್ದೆಲ್ಲ ಕೇಳಿದರು.

ನಮ್ಮ ಹುಡುಗನ ಪತ್ರದ ಪಾಡು ಇದಕ್ಕಿಂತ ಗಂಟು. ಮೇಳದಲ್ಲಿ ನಾನು ಮುಂದೆ ಹಾಡುವವ, ಹಿಂದೆ ಹಿಮ್ಮೇಳದವರು. ನನ್ನ ಉಸಿರು ಕಡಿದಾಗ ಪದ ಎತ್ತಿ ಹಿಡಿಯೋದು ಅವರು. ಊರಿನವರು ಕರೆಯೋದು ನನ್ನ ಹೆಸರು ಹೇಳಿ. ಹಾಗೇ ಆಫೀಸಿನಲ್ಲಿ ಗೆರೆ ಎಳೆದವ ಅವನು, ಸಹಿ ಹಾಕಿದವರು ಸಾಹೇಬರು. ಕಾಗದ ನೋಡಿದರೆ ಅವನು ಒಂದು ಮನೆಯನ್ನೂ ಮಾಡಿಲ್ಲ. "ಈ ನಕ್ಷೆ ಈ ಹುಡುಗನದು" ಎಂದು ಬರೆದುಕೊಟ್ಟರೆ ಸಾಹೇಬರು ತಮ್ಮ ಸಹಿಯನ್ನು ತಾವೇ ಅಳಿಸಿದ ಹಾಗೆ. ಒಳ್ಳೆಯವರಾದರೂ ಹಿಂದೆ ಮುಂದೆ ನೋಡುತ್ತಾರೆ. ಕೆಳಗೆ ದುಡಿದವನ ಅನುಭವಕ್ಕೆ ಸಾಕ್ಷಿ ಇಲ್ಲದ್ದು ಅವನ ತಪ್ಪಲ್ಲ, ಆ ಕೆಲಸದ ಕಟ್ಟೇ ಹಾಗಿದೆ. ಯೋಗ್ಯತೆ ನೋಡುವವರು ಇದನ್ನ ತಿಳಿದು ನೋಡಬೇಕು.

ಇಷ್ಟು ಓದಿ, ಕಾಲೇಜು ಯಾಕೆ ಬೇಕು, ಅನುಭವವೇ ಗುರು ಅಂತ ನಾನು ಹೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ನನ್ನ ವಯಸ್ಸಿನವರು ಕಿಲ್ಲಾರಿಯನ್ನ ಮರೆತಿಲ್ಲ. 1993, ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ನಮ್ಮ ಮನೆಯಲ್ಲೂ ನಿಲುವಿನ ಮೇಲಿನ ಹಿತ್ತಾಳೆ ಕೊಡ ಸಪ್ಪಳ ಮಾಡಿತು, ದನ ಹಗ್ಗ ಜಗ್ಗಿದವು. ಬೀದರ್ ದಾಟಿ ಪಡುವಣಕ್ಕೆ ಲಾತೂರ್ ಜಿಲ್ಲೆಯಲ್ಲಿ ಊರಿಗೆ ಊರೇ ಮಣ್ಣಾದವು. ಸಾವಿರಾರು ಜನ ಮಲಗಿದಲ್ಲೇ ಹೋದರು.

ಆ ಮನೆ ಕಟ್ಟಿದವರು ಯಾರು? ಅನುಭವ ಇಲ್ಲದವರಲ್ಲ. ನಮ್ಮ ಕಡೆಯಂಥವೇ ಮನೆಗಳು. ಎರಡು ಮೊಳ ದಪ್ಪ ಕಲ್ಲಿನ ಗೋಡೆ, ಕೆಸರಿನ ಗಾರೆ, ತೊಲೆ ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಕಳ್ಳರಿಗೆ ಭಯ. ಪ್ರತಿ ವರ್ಷ ಮಳೆಗಾಲದ ಮೊದಲು ಇನ್ನೊಂದಿಷ್ಟು ಮಣ್ಣು. ಅಜ್ಜ ಹಾಗೇ ಕಟ್ಟಿದ್ದ, ಅಪ್ಪ ಹಾಗೇ ಕಟ್ಟಿದ್ದ, ಒಂದೂ ಬಿದ್ದಿರಲಿಲ್ಲ. ಅವರ ಅನುಭವ ಸುಳ್ಳಲ್ಲ, ಆದರೆ ಆ ಅನುಭವ ನೆಲ ಅಲುಗಿದ್ದನ್ನ ನೋಡಿರಲಿಲ್ಲ. ಗೋಡೆಗೆ ಒಳಮುಖ ಬೇರೆ, ಹೊರಮುಖ ಬೇರೆ, ನಡುವೆ ಚೂರುಕಲ್ಲು. ಎರಡನ್ನೂ ಹಿಡಿದು ಆರಪಾರ ಹೋಗುವ ಉದ್ದಗಲ್ಲು ಇರಲಿಲ್ಲ. ನೆಲ ಅಲುಗಿತು, ಎರಡು ಮುಖ ಬೇರೆಯಾದವು, ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ. ನೋಡದೇ ಇದ್ದುದನ್ನ ಲೆಕ್ಕದಿಂದ ತಿಳಿಯೋದಕ್ಕೇ ಓದು ಬೇಕು. ಇದನ್ನ ಯಾವ ಗೌಂಡಿಯ ಮುಂದೆಯೂ ನಾನು ಹೇಳಬಲ್ಲೆ.

ಆದರೆ ಆಮೇಲೆ ಏನಾಯಿತು ಅದನ್ನೂ ಹೇಳಬೇಕು. ಅದೇ ಸೀಮೆಯ ಗೌಂಡಿಗಳಿಗೆ ಇಂಜಿನಿಯರುಗಳು ಉದ್ದಗಲ್ಲು ಹೇಗೆ ಇಡಬೇಕು, ಗೋಡೆಯ ಸುತ್ತ ಕಾಂಕ್ರೀಟಿನ ಪಟ್ಟಿ ಹೇಗೆ ಕಟ್ಟಬೇಕು ಎಂದು ಕಲಿಸಿದರು. ಕಲಿತರು, ಉಳಿದ ಮನೆಗಳನ್ನ ಗಟ್ಟಿ ಮಾಡಿದರು. ಐದು ವರ್ಷದ ಕಾಲೇಜು ಬೇಕಾಗಲಿಲ್ಲ. ಕೈಯಲ್ಲಿ ಕೆಲಸ ಇದ್ದವನಿಗೆ ಇಲ್ಲದ್ದು ಯಾವುದೋ ಅದನ್ನಷ್ಟೇ ಕೊಟ್ಟರೆ ಆಯಿತು. ನಾನು ಹೇಳುವ ಪರೀಕ್ಷೆ ಇದೇ ತರಹದ್ದು. ಇವನಿಗೆ ಏನು ಬರುತ್ತದೆ ನೋಡು, ಏನು ಬರಲ್ಲ ಅದನ್ನೂ ನೋಡು, ಬರದ್ದನ್ನ ಕಲಿಸು, ಆಮೇಲೆ ಹೆಸರು ಕೊಡು. ಬಾಗಿಲಿಗೆ ಬೀಗ ಹಾಕಬ್ಯಾಡ, ಬಾಗಿಲಲ್ಲಿ ಕೂತು ಕೇಳು.

ಸರಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ 18ರಿಂದ 60ರ ಒಳಗಿನವನು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದಿತ್ತು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿ ಮೊದಲೇ ಕೆಲಸ ಕಲಿತವನನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ವ್ಯವಸ್ಥೆ ಇದೆ. ಅಂದರೆ ಕಲ್ಲು ಹೊರುವವನ ಅನುಭವ ಲೆಕ್ಕಕ್ಕೆ ಬರುತ್ತದೆ, ಗೋಡೆ ಕಟ್ಟುವವನ ಅನುಭವ ಲೆಕ್ಕಕ್ಕೆ ಬರುತ್ತದೆ. ಗೋಡೆ ಎಲ್ಲಿ ಬರಬೇಕು ಎಂದು ಯೋಚನೆ ಮಾಡುವಲ್ಲಿಗೆ ಬಂದಾಗ ಮಾತ್ರ ಅನುಭವ ನಿಂತುಹೋಗುತ್ತದೆ. ಕೈಗೆ ಅನುಭವ, ತಲೆಗೆ ಕಾಲೇಜು ಅಂತ ಯಾರು ಹಂಚಿಕೊಟ್ಟರೋ! ಇದರೊಳಗೆ ಹಳೆಯ ಮೇಲು-ಕೀಳಿನ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ. ನಮ್ಮ ಪಕ್ಕದ ಕಲ್ಯಾಣದಲ್ಲಿ ಅನುಭವ ಅನ್ನುವ ಹೆಸರಿನ ಮೇಲೇ ಒಂದು ಮಂಟಪ ಇತ್ತು, ಮದ್ದಳೆ ಬಾರಿಸುವ ಅಲ್ಲಮ ಅದರ ಪೀಠದ ಮೇಲೆ ಕೂತಿದ್ದ ಅಂತ ನಾವು ಹಾಡುತ್ತೇವೆ. ಹಾಡಿ ಮುಗಿದ ಮೇಲೆ ಮರೆಯುತ್ತೇವೆ.

ಹಿಂದಿನ ಕಾಲದಲ್ಲಿ ಹೆಸರು ಹೇಗೆ ಕೊಡುತ್ತಿದ್ದರು? ಬನಶಂಕರಿ ಜಾತ್ರೆಗೆ ಹಾಡಲು ಹೋದಾಗ ಪಟ್ಟದಕಲ್ಲು ನೋಡಿ ಬಂದಿದ್ದೆವು. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ದೊಡ್ಡ ಗುಡಿ, ಈಗ ವಿರೂಪಾಕ್ಷ ಅನ್ನುತ್ತಾರೆ. ಸುಮಾರು 740ರದು. ಅದನ್ನ ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ಪಟ್ಟ ಕಟ್ಟಿ ತ್ರಿಭುವನಾಚಾರಿ ಎಂಬ ಹೆಸರು ಕೊಟ್ಟದ್ದು ಅಲ್ಲಿನ ಶಾಸನದಲ್ಲಿ ಇದೆ. ಗುಡಿ ಎದುರಿಗೇ ನಿಂತಿದೆ, ಇನ್ನೇನು ಸಾಕ್ಷಿ ಬೇಕು? ಆ ಕಾಲಕ್ಕೇ ತಿರುಗಿ ಹೋಗೋಣ ಅಂತ ಹೇಳುತ್ತಿಲ್ಲ. ಆಗ ಆ ಕುಲದಲ್ಲಿ ಹುಟ್ಟದವನಿಗೆ ಉಳಿ ಮುಟ್ಟುವ ಭಾಗ್ಯವೇ ಇರಲಿಲ್ಲ. ಕಾಲೇಜು ಆ ಗೋಡೆ ಕೆಡವಿತು, ಅದು ದೊಡ್ಡ ಉಪಕಾರ.

ಬೇರೆ ದೇಶದ ಮಾತೂ ಮಾಸ್ತರು ಹೇಳಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪದವಿ ಇಲ್ಲದವನೂ ಎಂಟು ವರ್ಷದ ಕಲಿಕೆ-ಕೆಲಸ ತೋರಿಸಿ, ಪರೀಕ್ಷೆ ಗೆದ್ದು ಆರ್ಕಿಟೆಕ್ಟ್ ಆಗಬಹುದು. ಆ ದೇಶದಲ್ಲಿ ಕಲಿಯುವವನು 3,740 ತಾಸಿನ ಕೆಲಸವನ್ನ ಬರೆದಿಡಬೇಕು, ಯಾವ ತರಹದ ಕೆಲಸ ಎಷ್ಟು ತಾಸು ಅಂತ. ಮೇಲಿನವರು ಆಗಾಗ ಒಪ್ಪಿ ಗುರುತು ಹಾಕಬೇಕು. ಇದು ನನಗೆ ಮೆಚ್ಚಿಗೆಯಾಯಿತು. ಹದಿನಾಲ್ಕು ವರ್ಷ ಆದ ಮೇಲೆ ಒಮ್ಮೆಲೇ ಪತ್ರ ಬೇಡೋದಲ್ಲ, ಅಂದಂದಿನ ಲೆಕ್ಕ ಅಂದಂದಿಗೆ. ಹುಡುಗನಿಗೆ ಒಂದು ನೋಟುಬುಕ್ಕು ಇಡು ತಮ್ಮಾ ಅಂದೆ. ಇಂದು ಉಪಯೋಗಕ್ಕೆ ಬಾರದಿದ್ದರೂ ಬಾಗಿಲು ತೆರೆದ ದಿನ ಕೈಯಲ್ಲಿ ಏನಾದರೂ ಇರಬೇಕಲ್ಲ.

ಮಾಸ್ತರು ಒಂದು ತಕರಾರು ತೆಗೆದರು. "ಕಾಕಾ, ಹೊಟ್ಟೆ ಕೊಯ್ಯಾಕ ನೀವು ಅನುಭವ ಇರುವ ಕಂಪೌಂಡರ್ ಹತ್ತಿರ ಹೋಗತೀರೇನು?" ಹೋಗಲ್ಲ. ಆದರೆ ವೈದ್ಯನ ತಪ್ಪು ಮಣ್ಣಾಗುತ್ತದೆ, ಮನೆಯವನ ತಪ್ಪು ಕಣ್ಣ ಮುಂದೆ ನಿಂತಿರುತ್ತದೆ. ಮನೆಯನ್ನ ಹೋಗಿ ನೋಡಾಕ ಬರ್ತದ. ಅಷ್ಟು ವ್ಯತ್ಯಾಸ ಅದ.

ಆದ್ದರಿಂದ ಪರೀಕ್ಷೆ ಮಾಡುವವರು ದಿಲ್ಲಿಯಲ್ಲಿ ಕೂತು ಕಾಗದ ನೋಡೋದು ಬ್ಯಾಡ. ಲೆಕ್ಕದ ಪರೀಕ್ಷೆ ಇಡಲಿ, ಕಿಲ್ಲಾರಿಯಂಥ ಪ್ರಶ್ನೆ ಕೇಳಲಿ, ಅದನ್ನ ಬಿಡಬಾರದು. ಆಮೇಲೆ ಅವನು ಮಾಡಿದ ಮನೆಗೆ ಬರಲಿ, ಬೇಸಿಗೆಯಲ್ಲಿ ಅಲ್ಲ, ಮಂಜೀರಾ ತುಂಬಿ ಹರಿಯುವ ತಿಂಗಳಲ್ಲಿ. ಗೋಡೆಗೆ ಓಳಂಬ ಬಿಟ್ಟು ನೋಡಲಿ. ಯಜಮಾನನನ್ನ ಕೇಳಿದರೆ ಖರ್ಚಿನ ಮಾತು ಹೇಳುತ್ತಾನೆ. ಅಡಿಗೆಮನೆಯಲ್ಲಿರುವ ಹೆಣ್ಣುಮಗಳನ್ನ ಕೇಳಲಿ. ಹೊಗೆ ಎತ್ತ ಹೋಗುತ್ತದೆ, ಸಂಜೆ ಬೆಳಕು ಎಲ್ಲಿಯ ತನಕ ಬರುತ್ತದೆ, ಜಡಿಮಳೆಯಲ್ಲಿ ಯಾವ ಮೂಲೆಗೆ ಬೋಗುಣಿ ಇಡಬೇಕಾಗುತ್ತದೆ, ಎಲ್ಲ ಅವಳಿಗೆ ಗೊತ್ತು. ಇಷ್ಟು ವರ್ಷದಲ್ಲಿ ಅವಳನ್ನ ಯಾರೂ ಕೇಳಿಲ್ಲ.