ದಾರಿ ತೋರುವವರು, ನಡೆಯಬೇಕಾದವರು

*ಇಂದಿನ ಧಮ್ಮ ಚಿಂತನೆ*




ನಂಜನಗೂಡಿನಿಂದಾಗಲಿ, ತಿ. ನರಸೀಪುರದಿಂದಾಗಲಿ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೊರಟರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡದೆ ಬರುವುದು ಕಡಿಮೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆ. ತೇಗದ ಕಂಬಗಳು, ಕಮಾನುಗಳು, ಸುತ್ತಲೂ ತೋಟ, ಪಕ್ಕದಲ್ಲೇ ಕಾವೇರಿ. ಅದೇ ನೀರು ಮುಂದೆ ಹರಿದು, ನಂಜನಗೂಡು ದಾಟಿ ಬಂದ ಕಪಿಲೆಯನ್ನು ತಿರುಮಕೂಡಲಿನಲ್ಲಿ ಸೇರುತ್ತದೆ.

ಗೈಡ್ ನಮ್ಮನ್ನು ಪಶ್ಚಿಮದ ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಅಲ್ಲಿರುವುದು 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ. ಇವರು ಹೈದರ್, ಇವರು ಟಿಪ್ಪು, ಪಲ್ಲಕ್ಕಿಯಲ್ಲಿ ಕೂತಿರುವವನು ಸೋತ ಕರ್ನಲ್ ಬೈಲಿ, ಅಲ್ಲಿ ಸಿಡಿಯುತ್ತಿರುವುದು ಮದ್ದಿನ ಬಂಡಿ. ಅವರ ಕೈ ಹೋದ ಕಡೆಗೆ ನಮ್ಮ ಕಣ್ಣು ಹೋಗುತ್ತದೆ. ಆಗ ಒಂದು ಮಗು, "ಆ ಪಲ್ಲಕ್ಕಿ ಹೊತ್ತು ತಂದವರ ಹೆಸರೇನು?" ಎಂದು ಕೇಳಿತು ಅನ್ನಿ. ಗೈಡ್ ಬಳಿ ಉತ್ತರ ಇರುವುದಿಲ್ಲ. ಅದು ಅವರ ತಪ್ಪಲ್ಲ, ಆ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಕೇಳಿದ ಆ ಮಗು ಮಾತ್ರ ಅರಮನೆಯನ್ನು ತನ್ನ ಕಣ್ಣಿನಿಂದ ನೋಡಿತು. ಉಳಿದವರು ನೋಡಿದ್ದು ಗೈಡ್ ತೋರಿಸಿದ್ದನ್ನು.

ಬಾಬಾಸಾಹೇಬರೂ ಒಮ್ಮೆ ಹೀಗೆ ಪ್ರವಾಸ ಹೋಗಿದ್ದರು. 1934ರಲ್ಲಿ, ಮೂವತ್ತರಷ್ಟು ಸಂಗಡಿಗರೊಂದಿಗೆ, ದೌಲತಾಬಾದ್ ಕೋಟೆಗೆ. ದಾರಿಯ ಧೂಳಿಗೆ, ಕೋಟೆ ಬಾಗಿಲ ಬಳಿ ತುಂಬಿದ್ದ ಕೊಳದಲ್ಲಿ ಕೈಕಾಲು ಮುಖ ತೊಳೆದುಕೊಂಡರು. ಅಷ್ಟಕ್ಕೇ ನೀರು ಮೈಲಿಗೆಯಾಯಿತೆಂದು ಗಲಾಟೆ ಎದ್ದಿತು. ನಿಮ್ಮ ಧರ್ಮ ಇದನ್ನೇ ಕಲಿಸುತ್ತದೆಯೇ, ನಮ್ಮವನೊಬ್ಬ ಮುಸ್ಲಿಮನಾದರೂ ಹೀಗೇ ತಡೆಯುತ್ತೀರಾ ಎಂದು ಬಾಬಾಸಾಹೇಬರು ಕೇಳಿದರು. ಜನ ಸುಮ್ಮನಾದರು. ಕೊನೆಗೆ, ಒಳಗೆ ಎಲ್ಲೂ ನೀರು ಮುಟ್ಟಬಾರದೆಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಕಾಯಲು ಬಂದೂಕಿನ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು. ಏನು ನೋಡಬೇಕೆಂದು ಹೇಳಲು ಅಲ್ಲ, ಏನು ಮುಟ್ಟಬಾರದೆಂದು ಕಾಯಲು. ಜಾತಿಯ ರೋಗ ಹಿಂದೂಗಳ ಮನೆಯಲ್ಲಷ್ಟೇ ನಿಲ್ಲದೆ ಈ ನಾಡಿನ ಎಲ್ಲರಿಗೂ ಅಂಟಿದೆ ಎಂಬುದನ್ನು ಬಾಬಾಸಾಹೇಬರು ಅಲ್ಲಿ ಕಂಡರು. ಯಾವ ಗೈಡೂ ತೋರಿಸದ ಸತ್ಯ ಅದು.

ಹಾಗಾದರೆ ದಾರಿ ತೋರುವವರೇ ಬೇಡವೇ? ಇದಕ್ಕೆ ಭಗವಾನ್ ಬುದ್ಧರ ಉತ್ತರ ಸಿಕ್ಕಿದ್ದೂ ಒಂದು ಮಹಾಭವನದಲ್ಲೇ. ಶ್ರಾವಸ್ತಿಯಲ್ಲಿ ವಿಶಾಖೆ ಕಟ್ಟಿಸಿಕೊಟ್ಟಿದ್ದ ಪ್ರಾಸಾದಕ್ಕೆ ಮೊಗ್ಗಲ್ಲಾನ ಎಂಬ ಲೆಕ್ಕಿಗ ಬಂದ. ಈ ಭವನದ ಮೆಟ್ಟಿಲುಗಳ ಹಾಗೆ ನಿಮ್ಮ ಧಮ್ಮದಲ್ಲೂ ಹಂತಹಂತವಾದ ಕಲಿಕೆ ಉಂಟೇ ಎಂದ. ಉಂಟು ಎಂದರು ಬುದ್ಧರು. ಹಾಗಾದರೆ ನಿಮ್ಮ ಶಿಷ್ಯರೆಲ್ಲ ಗುರಿ ಮುಟ್ಟುತ್ತಾರಾ ಎಂದ. ಕೆಲವರು ಮುಟ್ಟುತ್ತಾರೆ, ಕೆಲವರು ಇಲ್ಲ. ಯಾಕೆ ಹಾಗೆ? ಬುದ್ಧರು ತಿರುಗಿ ಕೇಳಿದರು: ರಾಜಗೃಹದ ದಾರಿ ನಿನಗೆ ಗೊತ್ತು. ಇಬ್ಬರಿಗೆ ಒಂದೇ ರೀತಿ ಹೇಳಿ ಕಳಿಸುತ್ತೀಯ. ಒಬ್ಬ ತಲುಪಿದ, ಇನ್ನೊಬ್ಬ ಬೇರೆ ದಾರಿ ಹಿಡಿದ. ಅದಕ್ಕೆ ನೀನೇನು ಮಾಡುವೆ? ನಾನೇನು ಮಾಡಲಿ, ದಾರಿ ಹೇಳುವವನಷ್ಟೇ ನಾನು ಎಂದ ಮೊಗ್ಗಲ್ಲಾನ. ನಾನೂ ಅಷ್ಟೇ ಎಂದರು ಬುದ್ಧರು.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಈ ಮಾತಿಗೆ ಬಹಳ ತೂಕ ಕೊಟ್ಟಿದ್ದಾರೆ. ಬುದ್ಧರು ಮಾರ್ಗದಾತ, ಮೋಕ್ಷದಾತ ಅಲ್ಲ.

ಈ ಮಾತು ಬಾಬಾಸಾಹೇಬರಿಗೂ ಅನ್ವಯಿಸುತ್ತದೆ. ಅವರಿಲ್ಲದಿದ್ದರೆ ಇಂಥದೊಂದು ದಾರಿ ಇದೆಯೆಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಆ ಋಣ ದೊಡ್ಡದು. ಹಾರ ಹಾಕುವುದು, ಫೋಟೋ ಇಡುವುದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ನಾವು ಧಮ್ಮಕ್ಕೆ ಪ್ರವಾಸ ಬಂದವರಾಗುತ್ತೇವೆ. ನೋಡಿದೆವು, ಫೋಟೋ ತೆಗೆದೆವು, ಸಂಜೆ ಬಸ್ಸು ಹತ್ತಿದೆವು.

1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳೇ ನಮ್ಮ ಮೆಟ್ಟಿಲು. ಕುಡಿಯುವುದಿಲ್ಲ ಎಂಬುದು ಒಂದು ಮೆಟ್ಟಿಲು. ಎಲ್ಲ ಮನುಷ್ಯರೂ ಸಮಾನರು ಎಂಬುದು ಇನ್ನೊಂದು. ಎರಡನೆಯದು ನಮ್ಮ ಬೀದಿಯಲ್ಲೇ ಕಷ್ಟ. ಸಭೆಯಲ್ಲಿ ಒಟ್ಟಿಗೆ ಜೈಭೀಮ್ ಹೇಳುವ ಎಡಗೈ, ಬಲಗೈನವರು ಹೆಣ್ಣು ಕೊಡುವ, ತರುವ ಮಾತು ಬಂದಾಗ ಬೇರೆಬೇರೆ ಬಾಗಿಲು ನೋಡುತ್ತೇವೆ. ಗಂಡು ಮಗನ ಓದಿಗೆ ಸಾಲ ಮಾಡುವ ಮನೆ, ಮಗಳಿಗೆ ಪಿಯುಸಿ ಸಾಕು ಅನ್ನುತ್ತದೆ. ದೌಲತಾಬಾದಿನ ಆ ಸಿಪಾಯಿ ಹೊರಗೆಲ್ಲೂ ಇಲ್ಲ. ಇದನ್ನು ಮುಟ್ಟಬೇಡ, ಅಲ್ಲಿಗೆ ಹೋಗಬೇಡ ಎಂದು ನಮ್ಮೊಳಗೇ ಕಾವಲು ನಿಂತಿದ್ದಾನೆ. ಅವನನ್ನು ಕಳಿಸುವ ಕೆಲಸ ಬುದ್ಧರದೂ ಅಲ್ಲ, ಬಾಬಾಸಾಹೇಬರದೂ ಅಲ್ಲ. ಅದು ನಮ್ಮದು.

*ಇಂದು ಮನೆಮಂದಿ ಕೂತು ಯೋಚಿಸೋಣ:* 22 ಪ್ರತಿಜ್ಞೆಗಳಲ್ಲಿ ನಾವು ಬಾಯಲ್ಲಿ ಮಾತ್ರ ಹೇಳುತ್ತಾ ಇನ್ನೂ ಕಾಲಿಡದೆ ಇರುವ ಮೆಟ್ಟಿಲು ಯಾವುದು? ಈ ವಾರ ಅದೊಂದನ್ನು ಹತ್ತೋಣ.

ಜೈಭೀಮ್. ನಮೋ ಬುದ್ಧಾಯ. 🙏