ತಾಳಿಕೆ, ಬಾಳಿಕೆ

ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ಹುರಿ ಘಟಕವಿದೆ. ಬೆಳಗಾದರೆ ಗೂಡಿನ ಮಾರುಕಟ್ಟೆಯ ಗಲಾಟೆ, ನೂಲು ಬಿಚ್ಚುವವರ ಮನೆಗಳಿಂದ ಬರುವ ಬೆಂದ ಗೂಡಿನ ವಾಸನೆ, ನಡುವೆ ನಮ್ಮ ಕದಿರುಗಳ ಗುಂಯ್ ಎನ್ನುವ ಸದ್ದು. ಕರೆಂಟು ಹೋದರೆ ಕದಿರು ನಿಲ್ಲುತ್ತದೆ, ಕದಿರು ನಿಂತರೆ ಕೂಲಿಯೂ ನಿಲ್ಲುತ್ತದೆ. ಅದಕ್ಕಾಗಿಯೇ ಹಿತ್ತಿಲ ಶೆಡ್ಡಿನಲ್ಲಿ ಎರಡು ಸಿಲಿಂಡರಿನ ಹಳೆಯ ಡೀಸೆಲ್ ಜನರೇಟರೊಂದನ್ನು ಇಟ್ಟುಕೊಂಡಿದ್ದೇವೆ.

ಕಳೆದ ವರ್ಷ ಅದರ ಅದುರಾಟ ಹೆಚ್ಚಾಯಿತು. ಅಲ್ಲಿ ಅದು ಶುರುವಾದರೆ ಇಲ್ಲಿ ಅಡುಗೆಮನೆಯ ಸ್ಟ್ಯಾಂಡಿನ ಲೋಟಗಳು ತಾಳ ಹಾಕುತ್ತಿದ್ದವು. "ಹಳೇದಲ್ವಾ, ಹಾಗೇ ಇರುತ್ತೆ" ಎಂದರು ನಮ್ಮ ಯಜಮಾನರು. ಹದಿನೈದು ದಿನದಲ್ಲಿ ನಮಗೂ ಅಭ್ಯಾಸವಾಗಿಹೋಯಿತು. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ರೈಲಿನ ಸದ್ದು ಬದಲಾದದ್ದನ್ನು ಕೇಳಿಯೇ ಮುಂದೆ ಹಳಿ ಕೆಟ್ಟಿದೆ ಎಂದರಂತೆ ಎಂಬ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ನಮ್ಮ ಮನೆಯ ಲೋಟಗಳ ಸದ್ದು ಮಾತ್ರ ನಮಗೆ ಕೇಳಿಸಲಿಲ್ಲ. ಕೊನೆಗೆ ಡೀಸೆಲ್ ಪೈಪು ಬಿರುಕುಬಿಟ್ಟು ನೆಲವೆಲ್ಲ ಎಣ್ಣೆಯಾದಾಗ ಮೇಸ್ತ್ರಿಯನ್ನು ಕರೆಸಿದೆವು.

ಅವರು ಬಗ್ಗಿ ಟಾರ್ಚು ಬಿಟ್ಟು ನೋಡಿ, "ಅಮ್ಮಾ, ಮೌಂಟಿಂಗ್ ರಬ್ಬರು ಯಾವಾಗ ಬದಲಾಯಿಸಿದ್ರಿ?" ಎಂದು ಕೇಳಿದರು.

"ಆಯಿಲ್ಲು, ಫಿಲ್ಟರು ತಪ್ಪದೆ ಬದಲಾಯಿಸ್ತೀವಲ್ಲಪ್ಪಾ" ಎಂದೆ.

"ಅದಲ್ಲಮ್ಮಾ. ಇಂಜಿನ್ ಕೂತಿರೋ ರಬ್ಬರು."

ಅಂಥದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆ ಒಂದೊಂದು ಹೊಡೆತಕ್ಕೂ ಇಂಜಿನ್ ಮೈ ಅದುರುತ್ತದೆ. ಆ ಅದುರನ್ನು ನುಂಗಲೆಂದೇ ನಾಲ್ಕು ಮೂಲೆಗೆ ನಾಲ್ಕು ರಬ್ಬರು, ಮೇಲೊಂದು ಕೆಳಗೊಂದು ಕಬ್ಬಿಣದ ಪಟ್ಟಿಯ ನಡುವೆ ಅಂಟಿಸಿದ್ದು. ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಆಗುತ್ತದೆ, ಬಾಗುವ ಗುಣವನ್ನೂ ಬಿಡುವುದಿಲ್ಲ ಎಂದು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಕಂಡುಕೊಂಡ ಮೇಲೆ ಇಂಥ ಕೆಲಸಕ್ಕೆಲ್ಲ ರಬ್ಬರು ಒದಗಿತು. ಆದರೆ ವರ್ಷಗಟ್ಟಲೆ ಕಾವು ತಿಂದು, ಭಾರ ಹೊತ್ತು, ಸೋರಿದ ಎಣ್ಣೆ ಕುಡಿದು ಅದೂ ಕೆಡುತ್ತದೆ. ಕೆಲವು ಕಡೆ ಉಬ್ಬಿ ಮೆತ್ತಗಾಗುತ್ತದೆ, ಕೆಲವು ಕಡೆ ಕಲ್ಲಿನಂತಾಗುತ್ತದೆ.

ಯಜಮಾನರು, "ರಬ್ಬರೇ ಬೇಡ, ಸೀದಾ ಕಾಂಕ್ರೀಟಿಗೇ ಬೋಲ್ಟು ಬಿಗಿದುಬಿಡಿ" ಎಂದರು. ಮೇಸ್ತ್ರಿ ನಕ್ಕರು. "ಆಗ ಇಂಜಿನ್ ಸುಮ್ಮನಾಗಲ್ಲ ಸ್ವಾಮಿ, ಗೋಡೆ ಅದುರುತ್ತೆ."

ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಎರಡು ಮೂರು ಅಂಗಡಿ ಸುತ್ತಿ ನಾಲ್ಕು ರಬ್ಬರು ತಂದದ್ದು ನಾನೇ. ಎರಡು ಸಾಲದೇ ಎಂದದ್ದಕ್ಕೆ ಮೇಸ್ತ್ರಿ ಒಪ್ಪಿರಲಿಲ್ಲ. ಹೊಸದು ಎತ್ತರ, ಹಳೆಯದು ಕುಸಿದದ್ದು. ಬೆರೆಸಿದರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದಂತೆ. ಜಾಕಿ ಕೊಟ್ಟು ಇಂಜಿನ್ ಎತ್ತಿ ಒಂದೊಂದಾಗಿ ಬಿಚ್ಚಿದರು. ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿದರು. ಒಂದು ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿ ನೋಡಿದರೆ ಅದು ಡೀಸೆಲನ್ನು ಚಿಮ್ಮಿಸದೆ ತೊಟ್ಟಿಕ್ಕಿಸುತ್ತಿತ್ತು. "ಇದು ಸರಿ ಮಾಡದೆ ರಬ್ಬರು ಹಾಕಿದ್ರೆ ಆರು ತಿಂಗಳಿಗೆ ಹೊಸದೂ ಹೋಗುತ್ತೆ. ಇಷ್ಟು ದಿನ ರಬ್ಬರು ತಡಕೊಂಡಿತ್ತು, ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ" ಎಂದರು.

ಆ ಮಾತು ನನ್ನನ್ನು ಹಿಡಿದುಕೊಂಡಿತು. ಚಿಂತಾಮಣಿಯಿಂದ ಈ ಮನೆಗೆ ಸೊಸೆಯಾಗಿ ಹೊರಟಾಗ ಅಮ್ಮ ಹೇಳಿದ್ದು ಒಂದೇ ಮಾತು, ತಾಳಿದವರು ಬಾಳಿಯಾರು. ತಾಳಿದೆ. ಅತ್ತೆಯ ಮಾತು, ಯಜಮಾನರ ಮುಂಗೋಪ, ರೇಷ್ಮೆ ಧಾರಣೆ ಬಿದ್ದ ವರ್ಷಗಳ ಸಾಲ ಎಲ್ಲವನ್ನೂ ನುಂಗಿಕೊಂಡೆ. ಮನೆ ಅದುರಲಿಲ್ಲ ಎಂದು ಹೆಮ್ಮೆಯೂ ಪಟ್ಟೆ. ಆದರೆ ಅದೇ ತಿಂಗಳು ಗೌರಿಬಿದನೂರಿನ ನನ್ನ ಸೊಸೆ, "ಅತ್ತೆ, ಹತ್ತು ದಿನ ಅಮ್ಮನ ಮನೆಗೆ ಹೋಗಿಬರಲಾ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದೇನು? "ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ." ಅವಳು ಮರುಮಾತಾಡದೆ ಒಳಗೆ ಹೋದಳು.

ಬಿಚ್ಚಿದ ರಬ್ಬರೊಂದನ್ನು ಕೈಯಲ್ಲಿ ಹಿಡಿದು ಉಗುರಿನಿಂದ ಒತ್ತಿದೆ. ಉಗುರು ಇಳಿಯಲಿಲ್ಲ. ನೋಡುವವರಿಗೆ ಅದು ತನ್ನ ಜಾಗದಲ್ಲೇ ಇತ್ತು, ಭಾರವನ್ನೂ ಹೊತ್ತಿತ್ತು. ಆದರೆ ಮೇಲಿನಿಂದ ಬಂದ ಹೊಡೆತವನ್ನು ತಾನು ನುಂಗದೆ ಹಾಗೆಯೇ ಕೆಳಗೆ ದಾಟಿಸುತ್ತಿತ್ತು. ನಾನು ಸಹನೆ ಎಂದುಕೊಂಡದ್ದು ಎಂದಿನಿಂದ ಬರೀ ಗಟ್ಟಿತನವಾಯಿತೋ ತಿಳಿಯದು.

ಹಾಗಾದರೆ ತಾಳುವುದು ತಪ್ಪೇ? ಹಾಗೆನ್ನಲಾರೆ. ಯಾರೊಬ್ಬರೂ ತಾಳದ ಮನೆ ಕಾಂಕ್ರೀಟಿಗೆ ಬಿಗಿದ ಇಂಜಿನ್ನಿನಂತೆ, ಗೋಡೆಯೇ ಸೀಳುತ್ತದೆ. ಆದರೆ ತಾಳುವವರನ್ನು ನೋಡಿಕೊಳ್ಳುವವರು ಇರಬೇಕು, ತಾಳುವ ಕೆಲಸ ಒಬ್ಬರದೇ ಆಗಬಾರದು. ಎಲ್ಲಕ್ಕಿಂತ ಮೊದಲು, ಅದುರು ಎಲ್ಲಿಂದ ಹುಟ್ಟುತ್ತಿದೆ ಎಂದು ಯಾರಾದರೂ ಕೇಳಬೇಕು. ಮುಂಗೋಪವನ್ನು ನಾನು ನುಂಗಿದಷ್ಟೂ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಕೋಪಿಷ್ಠರ ಕಣ್ಣಿಗೂ ಬೀಳಲಿಲ್ಲ. ನನ್ನ ಸಹನೆಯೇ ಅದನ್ನು ಮುಚ್ಚಿಟ್ಟಿತ್ತು. ಮತ್ತೆ, ರಬ್ಬರಾದರೆ ಬಿಸಾಡಿ ಹೊಸದು ತರಬಹುದು. ಮನುಷ್ಯರಿಗೆ ಬದಲಿ ಸಿಗುವುದಿಲ್ಲ. ಸೊಸೆಯನ್ನೇ ಹೊಸ ರಬ್ಬರು ಮಾಡಿಬಿಡುವುದು ಸುಲಭ, ನಮ್ಮಲ್ಲಿ ಹೆಚ್ಚಿನ ಮನೆಗಳು ಮಾಡುವುದೂ ಅದನ್ನೇ.

ಅಂದು ರಾತ್ರಿ ಊಟದ ಹೊತ್ತಿಗೆ ಯಜಮಾನರು ಸಾರಿಗೆ ಉಪ್ಪು ಹೆಚ್ಚೆಂದು ಸೊಸೆಯ ಮೇಲೆ ರೇಗಿದರು. ಎಂದಿನಂತೆ ನಾನು ಮಾತು ತೇಲಿಸಲಿಲ್ಲ. "ಉಪ್ಪಿನ ವಿಷಯ ಹೇಳಿ ಸಾಕು, ಕೂಗಬೇಡಿ" ಎಂದೆ. ಅವರು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿ ಸುಮ್ಮನಾದರು. ಮಾರನೆಯ ದಿನ ಸೊಸೆಯನ್ನು ಗೌರಿಬಿದನೂರಿಗೆ ಹೊರಡಿಸಿದೆ.

ಒಂದು ವಾರ ಕಳೆದ ಮೇಲೆ ಮೇಸ್ತ್ರಿ ಮತ್ತೆ ಬಂದರು. ಹೊಸ ರಬ್ಬರು ಭಾರಕ್ಕೆ ಕೂರುತ್ತದೆ, ಆಗ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕಂತೆ. ಒಂದು ಸಲ ಮಾಡಿದರೆ ಮುಗಿಯುವ ಕೆಲಸವಲ್ಲ ಅದು. ನಮ್ಮ ಮನೆಯದೂ ಅಷ್ಟೇ. ಈಗ ಜನರೇಟರು ಶುರುವಾದಾಗಲೆಲ್ಲ ಅಡುಗೆಮನೆಯ ಲೋಟಗಳತ್ತ ಒಮ್ಮೆ ಕಿವಿಗೊಡುತ್ತೇನೆ.